ಹಿತ್ತಿಲ ತೆರಪು ಯಾರದು?

ತನ್ನ ಸ್ವತ್ತಿನಲ್ಲಿ ತಾನು ಇಷ್ಟಬಂದಂತೆ ಕಟ್ಟಿಕೊಳ್ಳುವುದಕ್ಕೆ ಅನ್ಯರ ಅಪ್ಪಣೆಯೇತಕ್ಕೆ ಎಂಬ ಪ್ರಶ್ನೆಯು ಮೇಲುನೋಟಕ್ಕೆ ನ್ಯಾಯವಾದುದೆಂದೇ ತೋರುತ್ತದೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವುಳ್ಳ ಗೃಹಸ್ಥನೊಬ್ಬನನ್ನು ಭಾವಿಸಿಕೊಳ್ಳಬಹುದು. ಅವನು ಉದ್ಯೋಗದಿಂದ ನಿವೃತ್ತನಾಗಿದ್ದಾನೆ. ಮಕ್ಕಳು ದೂರದೇಶದಲ್ಲಿ ನೆಲಸಿದ್ದಾರೆ. ಪಿಂಚಣಿಯ ಹಣ ಔಷಧಿಯ ವೆಚ್ಚಕ್ಕೂ ಸಾಲದು. ಮನೆಯ ಪಕ್ಕದಲ್ಲಿಯೂ ಹಿತ್ತಿಲಲ್ಲಿಯೂ ನಿಯಮದಂತೆ ಬಿಟ್ಟ ತೆರಪಿದೆ. ಅದನ್ನು ಮುಚ್ಚಿ ಎರಡು ಕೋಣೆಗಳನ್ನೆಬ್ಬಿಸಿದರೆ ಬಾಡಿಗೆ ಬರುತ್ತದೆ. ಊರಿಗೆ ಹೊಸದಾಗಿ ಬಂದ ಸಂಸಾರವೊಂದಕ್ಕೆ ನೆರಳೂ ದೊರೆಯುತ್ತದೆ. ಇದರಲ್ಲಿ ತಪ್ಪೇನು?

ಉತ್ತರಕ್ಕಾಗಿ ಆ ತೆರಪಿನ ಮೂಲವನ್ನು ನೋಡಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಗೋಡೆಗೆ ಗೋಡೆ ತಾಗಿದ ಪೇಟೆಯ ಮನೆಗಳಲ್ಲಿ ಅದರ ಹಾವಳಿಯನ್ನು ಕಂಡ ಜನರಿಗೆ ಗಾಳಿಬೆಳಕುಗಳ ಬೆಲೆ ತಿಳಿಯಿತು. ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳು ನೇರವಾದ ಬೀದಿಗಳೊಡನೆ, ಮನೆಯ ಸುತ್ತ ಬಯಲಿನೊಡನೆ ಬೆಳೆದುದು ಆ ಕಾಲದಲ್ಲಿಯೇ. ನೆಲಕ್ಕೆ ಎಲ್ಲೆಕಲ್ಲನ್ನು ನೆಡಬಹುದು, ಗಾಳಿಗೆ ನೆಡಲಾಗದು. ಒಬ್ಬನ ಹಿತ್ತಿಲ ಬಯಲು ನೆರೆಯವನ ಕಿಟಕಿಯ ಬೆಳಕಾಗಿರುತ್ತದೆ. ಆದುದರಿಂದ ಪತ್ರದಲ್ಲಿ ಆ ತೆರಪು ಒಬ್ಬನದಾದರೂ ಅದರ ಅನುಭವವು ಇಬ್ಬರಿಗೂ ಸೇರಿದುದು.

ಆದರೆ ನಿಯಮವೆಂದ ಮಾತ್ರಕ್ಕೆ ಅದು ಧರ್ಮವಾಗಲಾರದು. ಅಮೆರಿಕದ ಓಹಾಯೊ ಪ್ರಾಂತದ ಯೂಕ್ಲಿಡ್ ಎಂಬ ಊರು ಆಗ ಗ್ರಾಮವಾಗಿತ್ತು. ಯಾವ ಭಾಗದಲ್ಲಿ ಎಂತಹ ಕಟ್ಟಡ ಏಳಬೇಕೆಂದು ಆ ಗ್ರಾಮವು ಮಾಡಿದ ವಲಯ ನಿಬಂಧನೆಯನ್ನು ಅಲ್ಲಿನ ಸುಪ್ರೀಂ ಕೋರ್ಟು 1926ರಲ್ಲಿ ಎತ್ತಿಹಿಡಿಯಿತು. ಒಂಟಿಮನೆಗಳ ನಡುವೆ ಏಳುವ ಬಹುಸಂಸಾರಗಳ ಬಾಡಿಗೆಕಟ್ಟಡವನ್ನು ಆ ತೀರ್ಪು ಮರಕ್ಕೆ ಹತ್ತಿದ ಬಂದಳಿಕೆಗೆ ಸಮಾನವಾಗಿ ಕಂಡಿತು. ಗಾಳಿಬೆಳಕುಗಳನ್ನು ಕಾಯಲು ಹುಟ್ಟಿದ ನಿಯಮವು ಇಲ್ಲಿ ಬಾಡಿಗೆಯವನನ್ನು ಹೊರಗಿಡುವ ಕೋಟೆಯೂ ಆಯಿತು. ಹೊರಗೆ ನಿಂತವನು ಇನ್ನೂ ಆ ಊರಿನವನಲ್ಲವಾದುದರಿಂದ ಅವನ ಮಾತನ್ನು ಕೇಳುವವರೂ ಇರಲಿಲ್ಲ. ಬಹುಕಾಲದ ಮೇಲೆ, ವಸತಿಯ ಕ್ಷಾಮದಿಂದ ನೊಂದ ಕ್ಯಾಲಿಫೋರ್ನಿಯಾ ಪ್ರಾಂತವು 2019ರಲ್ಲಿ ಶಾಸನಗಳನ್ನು ಮಾಡಿ, ಒಂಟಿಮನೆಯ ನಿವೇಶನದಲ್ಲಿ ಉಪಗೃಹವೊಂದನ್ನು ಕಟ್ಟುವುದನ್ನು ಊರಿನ ಆಡಳಿತಗಳು ತಡೆಯದಂತೆ ಮಾಡಿತು. ಅದಕ್ಕೆ ಪಕ್ಕದಲ್ಲಿಯೂ ಹಿಂದೆಯೂ 4 ಅಡಿಗಿಂತ ಹೆಚ್ಚಿನ ತೆರಪನ್ನು ಕೇಳಕೂಡದೆಂದು ವಿಧಿಸಿತು. ತೆರಪು ಕಿರಿದಾಯಿತಾದರೂ ಅಳಿಯಲಿಲ್ಲ. ಬಹಿಷ್ಕಾರವು ಮಾತ್ರ ಸಡಿಲಿತು. ಇವೆರಡನ್ನೂ ಬೇರ್ಪಡಿಸಿ ನೋಡಿದುದೇ ಅಲ್ಲಿನ ವಿವೇಕ.

ನಮ್ಮ ನಾಡಿನ ದೋಷ ಇದಕ್ಕೆ ವಿಪರೀತವಾದುದು. ಇಲ್ಲಿ ನಿಯಮವು ಬಾಡಿಗೆಯವನನ್ನು ತಡೆದುದಕ್ಕಿಂತ ಮಾಲೀಕನು ನಿಯಮವನ್ನು ಮೀರಿದುದೇ ಹೆಚ್ಚು. ‘ಅಕ್ರಮ-ಸಕ್ರಮ’ವೆಂದು ಹೆಸರಾದ ಕರ್ನಾಟಕದ 2014ರ ನಿಯಮಗಳು ವಾಸದ ಕಟ್ಟಡಗಳಲ್ಲಿ ನೂರಕ್ಕೆ 50ರ ವರೆಗಿನ ಉಲ್ಲಂಘನೆಯನ್ನು ಹಣ ತೆತ್ತು ಸರಿಪಡಿಸಿಕೊಳ್ಳಲು ಅವಕಾಶವಿತ್ತವು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆ ನೀಡಿತು. ಕಾನೂನಿನ ವಾದ ಹಾಗಿರಲಿ. ನೀತಿಯ ದೃಷ್ಟಿಯಿಂದ ಒಂದು ಮಾತು ವಿಚಾರಾರ್ಹವಾಗಿದೆ. ದಂಡದ ಹಣ ಬೊಕ್ಕಸಕ್ಕೆ ಸಲ್ಲುತ್ತದೆ. ಬೆಳಕನ್ನು ಕಳೆದುಕೊಂಡವನೋ ನೆರೆಯವನು. ನಷ್ಟ ಒಬ್ಬನಿಗೆ, ಪರಿಹಾರ ಇನ್ನೊಬ್ಬನಿಗೆ ಎಂಬುದು ಯಾವ ಪ್ರಾಯಶ್ಚಿತ್ತ?

ಇದಕ್ಕೆ ಒಂದು ಆಕ್ಷೇಪಣೆಯುಂಟು. ನಿಯಮಗಳನ್ನು ಬಿಗಿಮಾಡಿದಷ್ಟೂ ಮನೆಗಳು ಕಡಿಮೆಯಾಗಿ ಬಾಡಿಗೆ ಏರುತ್ತದೆ. ಬಡವನು ಊರಾಚೆಗೆ ಸರಿಯುತ್ತಾನೆ. ಇಲ್ಲದ ಮನೆಗಿಂತ ಕತ್ತಲೆಯ ಕೋಣೆಯೇ ಲೇಸಲ್ಲವೆ? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಹೆಚ್ಚು ಜನ ಕೂಡಿ ಬಾಳುವುದಕ್ಕೂ ಕತ್ತಲೆಗೂ ನಂಟೇನೂ ಇಲ್ಲ. ಹಳೆಯ ವಠಾರಗಳನ್ನು ನೆನೆಯಬಹುದು. ಅಲ್ಲಿ ಹಲವು ಸಂಸಾರಗಳು ಇಕ್ಕಟ್ಟಿನಲ್ಲಿಯೇ ಬಾಳಿದವು. ನೀರಿಗಾಗಿ ಜಗಳವೂ ಇತ್ತು. ಆದರೂ ನಡುವಣ ಅಂಗಳವು ಎಲ್ಲರದೂ ಆಗಿತ್ತು. ಹಪ್ಪಳ ಒಣಗುವಷ್ಟು ಬಿಸಿಲು ಎಲ್ಲರ ಪಾಲಿಗೂ ಬೀಳುತ್ತಿತ್ತು. ಒಲೆಗಳು ಹೆಚ್ಚಿದುದು ದೋಷವಲ್ಲ. ಎಲ್ಲರ ಬಿಸಿಲನ್ನು ಒಬ್ಬನು ಮಾರಿಕೊಳ್ಳುವುದು ದೋಷ.

ಹಾಗಾದರೆ ನಮ್ಮ ಗೃಹಸ್ಥನು ಮಾಡತಕ್ಕದ್ದೇನು? ನಕ್ಷೆಗೆ ಒಪ್ಪಿಗೆ ದೊರೆಯುವುದಾದರೆ ಅವನು ಹಿತ್ತಿಲನ್ನು ಬಿಟ್ಟು ಮಾಳಿಗೆಯ ಮೇಲೆ ಕಟ್ಟಲಿ. ಅದಕ್ಕೂ ಅಡ್ಡಿಯಿದ್ದು ಆ ಅಡ್ಡಿ ಯಾರ ಬೆಳಕನ್ನೂ ಕಾಯದಿದ್ದರೆ ತಪ್ಪು ನಿಯಮದ್ದು. ಅದನ್ನು ಹಗಲಿನಲ್ಲಿ ವಾದಿಸಿ ತಿದ್ದಿಸಬೇಕೇ ಹೊರತು ರಾತ್ರಿಯಲ್ಲಿ ಗೋಡೆಯೆತ್ತಿ ಮೀರತಕ್ಕದ್ದಲ್ಲ. ಎರಡಕ್ಕೂ ಮೊದಲು ಅವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಕಾಲ ತಿರುಗಿ ತಾನೇ ಬಾಡಿಗೆಗೆ ಬಂದರೆ, ತಾನು ಕಟ್ಟಿಸಿದ ಆ ಕೋಣೆಯಲ್ಲಿ ತನ್ನ ಹಸುಗೂಸನ್ನು ಮಲಗಿಸಿಯಾನೆ? ಮಲಗಿಸಿಯೇನೆಂದು ಮನಸ್ಸು ಒಪ್ಪಿದರೆ ಕಟ್ಟಲಿ. ಒಪ್ಪದಿದ್ದರೆ, ಸರಕಾರವು ಅದನ್ನು ಸಕ್ರಮವೆಂದು ಬರೆದುಕೊಟ್ಟರೂ ಅದು ಸಕ್ರಮವಾಗುವುದಿಲ್ಲ.