ಅರ್ಧಕ್ಕೆ ನಿಂತ ಪರಿಕ್ರಮ

ಪಶ್ಚಿಮ ಟಿಬೆಟ್ಟಿನ ಕೈಲಾಸ ಪರ್ವತದ ಎತ್ತರ 6,638 ಮೀಟರ್. ಅದಕ್ಕಿಂತ ಎತ್ತರದ ಎಷ್ಟೋ ಶಿಖರಗಳನ್ನು ಮನುಷ್ಯರು ಹತ್ತಿ ಇಳಿದಿದ್ದಾರೆ. ಕೈಲಾಸದ ತುದಿಗೆ ಯಾರೂ ಏರಿದ ದಾಖಲೆಯಿಲ್ಲ. 1980ರ ದಶಕದಲ್ಲಿ ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್‌ಗೆ ಹತ್ತುವ ಅವಕಾಶ ಬಂದಾಗ ಆತ ಅದನ್ನು ಒಪ್ಪಲಿಲ್ಲ. ಹಿಂದೂಗಳಿಗೆ ಇದು ಶಿವನ ನೆಲೆ. ಬೌದ್ಧರಿಗೆ ಚಕ್ರಸಂವರನೆಂಬ ದೇವತೆಯ ಮಂಡಲ. ಜೈನರಿಗೆ ಋಷಭದೇವ ನಿರ್ವಾಣ ಹೊಂದಿದ ಅಷ್ಟಾಪದ. ಟಿಬೆಟ್ಟಿನ ಹಳೆಯ ಬೋನ್ ಧರ್ಮದವರಿಗೂ ಇದು ಪವಿತ್ರ. ಈ ಎಲ್ಲರೂ ಬೆಟ್ಟವನ್ನು ಹತ್ತದೆ ಅದರ ಸುತ್ತ ನಡೆಯುತ್ತಾರೆ. ಸುಮಾರು 52 ಕಿಲೋಮೀಟರ್ ಉದ್ದದ ಈ ದಾರಿಯನ್ನು ಭಾರತದ ಯಾತ್ರಿಕರು ಸಾಮಾನ್ಯವಾಗಿ 3 ದಿನಗಳಲ್ಲಿ ಮುಗಿಸುತ್ತಾರೆ. ಎಲ್ಲರಿಂದಲೂ ಅದು ಪೂರ್ತಿಯಾಗುವುದಿಲ್ಲ. ಮೊದಲ ದಿನವೋ ಎರಡನೆಯ ದಿನವೋ ಉಸಿರು ಕಟ್ಟಿ, ತಲೆ ಸುತ್ತಿ ಹಿಂದಿರುಗಿದವನ ಯಾತ್ರೆ ಏನಾಯಿತು ಎಂಬುದು ಧರ್ಮಶಾಸ್ತ್ರ ಮತ್ತು ದೇಹಶಾಸ್ತ್ರ ಎರಡೂ ಉತ್ತರಿಸಬೇಕಾದ ಪ್ರಶ್ನೆ.

ಬೆಟ್ಟದ ಮುಂದೆ ಮನುಷ್ಯ ಹೇಗೆ ನಡೆದುಕೊಳ್ಳಬಹುದು ಎಂಬುದಕ್ಕೆ ಪುರಾಣದಲ್ಲಿ ಎರಡು ಮಾದರಿಗಳಿವೆ. ಒಂದು ರಾವಣನದು. ಅವನು ಕೈಲಾಸವನ್ನೇ ಬುಡಸಮೇತ ಎತ್ತಲು ಹೋಗಿ, ಶಿವನ ಕಾಲ್ಬೆರಳಿನ ಒತ್ತಡಕ್ಕೆ ಸಿಕ್ಕಿ ನರಳಿದ. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸ ದೇವಾಲಯದಲ್ಲೂ ಹಳೇಬೀಡಿನ ಗೋಡೆಗಳ ಮೇಲೂ ಈ ಪ್ರಸಂಗ ಶಿಲ್ಪವಾಗಿ ನಿಂತಿದೆ. ಇನ್ನೊಂದು ಗಣಪತಿಯದು. ಷಣ್ಮುಖ ನವಿಲೇರಿ ಲೋಕ ಸುತ್ತಿ ಬರುವಷ್ಟರಲ್ಲಿ ಗಣಪತಿ ತಂದೆತಾಯಿಯರಿಗೆ ಪ್ರದಕ್ಷಿಣೆ ಬಂದು ಪಂದ್ಯ ಗೆದ್ದ. ಎತ್ತುವವನಿಗೆ ಬೆಟ್ಟ ಕೈವಶವಾಗಬೇಕಾದ ವಸ್ತು. ಸುತ್ತುವವನಿಗೆ ಅದು ಕೇಂದ್ರ. ಕೇಂದ್ರ ತನ್ನ ಜಾಗದಲ್ಲಿಯೇ ಇರುತ್ತದೆ, ಸುತ್ತುವವನು ಹೊರಟ ಜಾಗಕ್ಕೇ ಮರಳುತ್ತಾನೆ. ಈ ನಡಿಗೆಯಲ್ಲಿ ತಲುಪಬೇಕಾದ ಊರೆಂಬುದು ಇಲ್ಲ.

ಸುತ್ತುವ ದಿಕ್ಕಿನಲ್ಲಿ ಒಮ್ಮತವಿಲ್ಲ. ಹಿಂದೂಗಳೂ ಬೌದ್ಧರೂ ಪರ್ವತವನ್ನು ಬಲಕ್ಕಿಟ್ಟುಕೊಂಡು ನಡೆದರೆ ಬೋನ್ ಅನುಯಾಯಿಗಳು ಎಡಕ್ಕಿಟ್ಟುಕೊಂಡು ನಡೆಯುತ್ತಾರೆ. ಒಂದೇ ದಾರಿಯಲ್ಲಿ ಎರಡು ಕಡೆಯ ಭಕ್ತರು ಎದುರುಬದುರಾಗುತ್ತಾರೆ. ಲೆಕ್ಕದಲ್ಲೂ ಭೇದವಿದೆ. ಟಿಬೆಟ್ಟಿನವರಲ್ಲಿ ಅನೇಕರು ನಸುಕಿಗೆ ಹೊರಟು ಒಂದೇ ದಿನದಲ್ಲಿ ಸುತ್ತು ಮುಗಿಸುತ್ತಾರೆ. ಅವರ ಪಂಚಾಂಗದ ಕುದುರೆ ವರ್ಷದಲ್ಲಿ ಬಂದ ಒಂದು ಸುತ್ತು 13 ಸುತ್ತುಗಳಿಗೆ ಸಮ ಎಂಬ ನಂಬಿಕೆಯಿದೆ. 2014 ಅಂಥ ವರ್ಷವಾಗಿತ್ತು, 2026 ಕೂಡ ಅಂಥದೇ. ಇಡೀ ದಾರಿಯನ್ನು ದೀರ್ಘದಂಡ ನಮಸ್ಕಾರ ಹಾಕುತ್ತಲೇ ಕ್ರಮಿಸುವವರಿಗೆ ವಾರಗಳು ಬೇಕು. ಅವರು ಪ್ರತಿ ಸಂಜೆ ನಿಲ್ಲಿಸಿದ ಜಾಗವನ್ನು ಗುರುತು ಮಾಡಿಟ್ಟು, ಮರುದಿನ ಅಲ್ಲಿಂದಲೇ ಮುಂದುವರಿಸುತ್ತಾರೆ.

ಮೊದಲ ಬಾರಿಗೆ ಹೋಗುವವರಿಗೆ ಮೂರು ದಿನಗಳ ಹಂಚಿಕೆ ಹೀಗಿರುತ್ತದೆ. ಸುಮಾರು 4,600 ಮೀಟರ್ ಎತ್ತರದ ದಾರ್ಚೆನ್ ಆರಂಭದ ಊರು. ಮೊದಲ ದಿನ ಯಮದ್ವಾರದ ಮೂಲಕ ನದಿಕಣಿವೆಯಲ್ಲಿ ನಡೆದು, ಪರ್ವತದ ಉತ್ತರ ಮುಖ ಎದುರಿಗೇ ಕಾಣುವ ದಿರಾಪುಕ್‌ನಲ್ಲಿ ತಂಗುವುದು. ಇದು ಸುಮಾರು 20 ಕಿಲೋಮೀಟರ್. ಎರಡನೆಯ ದಿನವೇ ಎಲ್ಲಕ್ಕಿಂತ ಕಠಿಣ. 5,630 ಮೀಟರ್ ಎತ್ತರದ ಡೋಲ್ಮಾ ಲಾ ಕಣಿವೆಮಾರ್ಗವನ್ನು ಏರಿ, ಗೌರೀಕುಂಡವನ್ನು ಮೇಲಿನಿಂದ ನೋಡಿ, ಕಲ್ಲುಗುಂಡುಗಳ ಕಡಿದಾದ ಇಳಿಜಾರಿನಲ್ಲಿ ಇಳಿದು, ಯೋಗಿ ಮಿಲರೇಪನ ಗುಹೆಯಿರುವ ಜುತುಲ್‌ಪುಕ್ ತಲುಪಬೇಕು. ಏರುವಾಗ ಕುದುರೆ ಹತ್ತಿದವರೂ ಈ ಇಳಿಜಾರಿನಲ್ಲಿ ಕಾಲ್ನಡಿಗೆಯಲ್ಲೇ ಇಳಿಯಬೇಕು. ಮಧ್ಯಾಹ್ನದ ನಂತರ ಗಾಳಿಯೂ ಹಿಮವೂ ಹೆಚ್ಚುವ ಜಾಗವಾದ್ದರಿಂದ ಬೆಳಕು ಹರಿಯುವ ಮೊದಲೇ ಹೊರಡುವುದು ವಾಡಿಕೆ. ಮೂರನೆಯ ದಿನದ ದಾರಿ ಚಿಕ್ಕದು, ಸಲೀಸಾದದ್ದು.

ದೂರಕ್ಕಿಂತ ಇಲ್ಲಿ ಎತ್ತರವೇ ದೊಡ್ಡ ಪರೀಕ್ಷೆ. ಡೋಲ್ಮಾ ಲಾದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟು. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ವೈದ್ಯರ ಸಾಮಾನ್ಯ ಸೂಚನೆ. ತಲೆನೋವು, ವಾಕರಿಕೆ, ನಿದ್ದೆಗೇಡು ಮೊದಲ ಎಚ್ಚರಿಕೆಗಳು. ಕುಳಿತಾಗಲೂ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನಡಿಗೆ ತಡವರಿಸಿದರೆ, ಮಾತು ಗೊಂದಲವಾದರೆ ಮಿದುಳು ಊದಿಕೊಳ್ಳುತ್ತಿರಬಹುದು. ಎರಡೂ ಪ್ರಾಣಕ್ಕೆ ಕುತ್ತು ತರುತ್ತವೆ. ಎರಡಕ್ಕೂ ತಡಮಾಡದೆ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆ. ಆಮ್ಲಜನಕ, ಔಷಧಿಗಳು ಅದಕ್ಕೆ ಪೂರಕ ಮಾತ್ರ.

ಹೆಗಲ ಹೊರೆಯ ವಿಚಾರದಲ್ಲಿ ನಡಿಗೆಯ ಲೆಕ್ಕಾಚಾರವೂ ಧರ್ಮದ ವ್ರತವೂ ಒಂದನ್ನೇ ಹೇಳುತ್ತವೆ. ಬೆನ್ನಿನ ಚೀಲ ದೇಹತೂಕದ ಐದನೇ ಒಂದು ಭಾಗವನ್ನು ಮೀರಬಾರದೆಂಬುದು ಹೊಸಬರಿಗೆ ಹೇಳುವ ಮಾತು. ಗಾಳಿ ತೆಳುವಾದಲ್ಲಿ ಅದಕ್ಕೂ ಕಡಿಮೆ ಇದ್ದಷ್ಟು ಒಳ್ಳೆಯದು. ಬೆಚ್ಚನೆಯ ಬಟ್ಟೆಯ ಪದರಗಳು, ಮಳೆಗಾಳಿ ತಡೆಯುವ ಮೇಲಂಗಿ, ಪಳಗಿದ ಬೂಟು, ಕಪ್ಪು ಕನ್ನಡಕ, ನೀರು, ಔಷಧಿ ಇವು ಬಿಡಲಾಗದವು. ಉಳಿದ ಪ್ರತಿಯೊಂದು ವಸ್ತುವಿಗೂ ಹೊರುವವನು ತನಗೇ ಕಾರಣ ಹೇಳಿಕೊಳ್ಳಬೇಕಾಗುತ್ತದೆ. ಏನನ್ನೂ ಕೂಡಿಡಬಾರದೆಂಬ ಜೈನರ ಅಪರಿಗ್ರಹ ವ್ರತ ಬೇಡುವುದೂ ಇದೇ ವಿಚಾರಣೆಯನ್ನು. ಪಂಪ 941ರಲ್ಲಿ ರಚಿಸಿದ ಆದಿಪುರಾಣದ ನಾಯಕ ಋಷಭದೇವ ರಾಜ್ಯ, ಆಭರಣ, ಉಡುಪುಗಳನ್ನು ತೊರೆದು ಹೊರಟವನು. ಕೈಲಾಸ ಅವನ ಕೊನೆಯ ನೆಲೆ. ಡೋಲ್ಮಾ ಲಾ ಏರುವ ದಾರಿಯಲ್ಲಿ ಶಿವಸ್ಥಲವೆಂಬ ಜಾಗದಲ್ಲಿ ಯಾತ್ರಿಕರು ತಮ್ಮ ಬಟ್ಟೆಯನ್ನೋ ಕೂದಲಿನ ಎಳೆಯನ್ನೋ ಬಿಟ್ಟು ಮುಂದೆ ಹೋಗುತ್ತಾರೆ. ಹಳೆಯ ಬದುಕನ್ನು ಅಲ್ಲೇ ಕಳಚಿಟ್ಟಂತೆ ಎಂಬ ಭಾವನೆ ಅದರ ಹಿಂದಿದೆ. ಹಾಗೆ ಬಿಡಬೇಕಾದವುಗಳಲ್ಲಿ ಸುತ್ತನ್ನು ಮುಗಿಸಿಯೇ ತೀರುವ ಹಟವೂ ಸೇರುತ್ತದೆಯೇ ಎಂಬಲ್ಲಿಗೆ ಮೂಲ ಪ್ರಶ್ನೆ ಬಂದು ನಿಲ್ಲುತ್ತದೆ.

ವೈದಿಕ ಕರ್ಮದ ವಿಧಿಗಳನ್ನು ವಿಚಾರಿಸುವ ಮೀಮಾಂಸಕರ ಉತ್ತರ ನಿಷ್ಠುರವಾದದ್ದು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಚರ್ಚೆಯ ಪ್ರಕಾರ, ಅಗ್ನಿಹೋತ್ರದಂಥ ನಿತ್ಯಕರ್ಮವನ್ನು ಶಕ್ತಿ ಇದ್ದಷ್ಟು ಮಾಡಿದರೂ ಸಲ್ಲುತ್ತದೆ, ಒಂದೆರಡು ಅಂಗಗಳು ಬಿಟ್ಟುಹೋದರೂ ಕರ್ಮ ಕೆಡುವುದಿಲ್ಲ. ಫಲವನ್ನು ಬಯಸಿ ಮಾಡುವ ಕಾಮ್ಯಕರ್ಮ ಹಾಗಲ್ಲ: ಅದು ಎಲ್ಲ ಅಂಗಗಳೊಡನೆ ಪೂರ್ತಿಯಾದರೆ ಮಾತ್ರ ಫಲ, ಆರಂಭಿಸಿದ ಮೇಲೆ ಬಯಕೆ ತೀರಿದರೂ ಮುಗಿಸಲೇಬೇಕು. ಯಾತ್ರೆ ಯಜ್ಞವಲ್ಲ ನಿಜ. ಆದರೆ ಪುಣ್ಯಕ್ಕೋ ಹರಕೆಗೋ ಸಂಕಲ್ಪ ಮಾಡಿ ಹೊರಡುವ ಪರಿಕ್ರಮ ಕಾಮ್ಯಕರ್ಮದ ಜಾತಿಗೇ ಸೇರುತ್ತದೆ. ಈ ತರ್ಕವನ್ನು ಹಾಗೆಯೇ ಒಪ್ಪಿದರೆ 52 ಕಿಲೋಮೀಟರಿನಲ್ಲಿ 27 ನಡೆದವನಿಗೂ ಮನೆಯಲ್ಲೇ ಕುಳಿತವನಿಗೂ ವ್ಯತ್ಯಾಸವಿಲ್ಲ.

ಗೀತೆ ಇದಕ್ಕೆ ಎದುರಾಗಿ ನಿಲ್ಲುತ್ತದೆ. ಎರಡನೆಯ ಅಧ್ಯಾಯದಲ್ಲಿ ಕೃಷ್ಣ ನಿಷ್ಕಾಮಕರ್ಮದ ಲಕ್ಷಣ ಹೇಳುವಾಗ, ಈ ಮಾರ್ಗದಲ್ಲಿ ತೊಡಗಿದ ಯತ್ನ ನಷ್ಟವಾಗುವುದಿಲ್ಲ, ಅಪೂರ್ಣತೆಯಿಂದ ದೋಷವೂ ತಟ್ಟುವುದಿಲ್ಲ ಎಂಬ ಭರವಸೆ ಕೊಡುತ್ತಾನೆ. ಫಲದ ಮೇಲಿನ ಹಕ್ಕನ್ನು ಬಿಟ್ಟವನಿಗೆ ಅರ್ಧ, ಪೂರ್ತಿ ಎಂಬ ಅಳತೆಯೇ ಸಡಿಲವಾಗುತ್ತದೆ. ಬೌದ್ಧರ ನೋಟ ಇನ್ನೊಂದು ದಾರಿಯಿಂದ ಅಲ್ಲಿಗೇ ಬರುತ್ತದೆ. ಬುದ್ಧ ಕರ್ಮವನ್ನು ಚೇತನೆ, ಅಂದರೆ ಮಾಡುವವನ ಉದ್ದೇಶವೆಂದೇ ವಿವರಿಸಿದ. ಕಾಲು ಎಲ್ಲಿ ನಿಂತಿತು ಎಂಬುದಕ್ಕಿಂತ ಮನಸ್ಸು ಯಾವ ಉದ್ದೇಶದಿಂದ ನಡೆಯಿತು ಎಂಬುದು ಅಲ್ಲಿ ಮುಖ್ಯ.

ಶೈವ ಪರಂಪರೆಯಲ್ಲಿ ಇನ್ನೂ ಸ್ಪಷ್ಟವಾದ ಎರಡು ಆಧಾರಗಳು ಸಿಗುತ್ತವೆ. ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ ಶಿವ ಬ್ರಹ್ಮಚಾರಿಯ ವೇಷದಲ್ಲಿ ಬಂದು ಪಾರ್ವತಿಯ ತಪಸ್ಸನ್ನು ವಿಚಾರಿಸುತ್ತಾನೆ. ಧರ್ಮಕ್ಕೆ ಶರೀರವೇ ಮೊದಲ ಸಾಧನವಾದ್ದರಿಂದ ತಪಸ್ಸು ಶಕ್ತಿಯ ಮಿತಿಯೊಳಗೆ ನಡೆಯುತ್ತಿದೆಯೇ ಎಂಬುದು ಅವನ ಪ್ರಶ್ನೆಗಳಲ್ಲಿ ಒಂದು. ಎರಡನೆಯದು ದೇವಾಲಯದ ಆಚಾರ. ಶಿವಾಲಯದಲ್ಲಿ ಅಭಿಷೇಕದ ನೀರು ಹರಿದುಬರುವ ಸೋಮಸೂತ್ರವನ್ನು ಭಕ್ತರು ದಾಟುವುದಿಲ್ಲ. ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ತಿರುಗಿ, ಇನ್ನೊಂದು ಬದಿಯಿಂದ ಅದರ ಅಂಚಿಗೆ ಬಂದು ಮತ್ತೆ ಹಿಂದಿರುಗುತ್ತಾರೆ. ಶಿವನ ಪ್ರದಕ್ಷಿಣೆಯಲ್ಲಿ ಹಿಂದಿರುಗುವುದು ವಿಧಿಯೊಳಗೇ ಇದೆ. ದಾಟಬಾರದ ಗೆರೆಯನ್ನು ಗುರುತಿಸಿ ನಿಲ್ಲುವವನು ಅಲ್ಲಿ ವಿಧಿಯನ್ನು ಪಾಲಿಸಿದಂತೆ.

ಪರಿಕ್ರಮದ ಯೋಜನೆಯಲ್ಲಿ ಈ ಗೆರೆ ಎಲ್ಲಿದೆ ಎಂಬುದು ಹೊರಡುವ ಮೊದಲೇ ನಿಶ್ಚಯವಾಗಬೇಕು. ಡೋಲ್ಮಾ ಲಾ ದಾರಿಯ ಅತಿ ಎತ್ತರದ ಜಾಗ. ಸರಿಸುಮಾರು ನಡುಭಾಗವೂ ಅದೇ. ಅದನ್ನು ದಾಟುವ ಮೊದಲು ಹಿಂದಿರುಗಿದರೆ ದಾರ್ಚೆನ್ ಹತ್ತಿರ; ದಾಟಿದ ಮೇಲೆ ಹಿಂದಿನದಕ್ಕಿಂತ ಮುಂದಿನ ದಾರಿಯೇ ಗಿಡ್ಡ. ಹೀಗಾಗಿ ಹಿಂದಿರುಗುವ ನಿರ್ಧಾರಕ್ಕೆ ಸರಿಯಾದ ಸ್ಥಳ ದಿರಾಪುಕ್, ಸರಿಯಾದ ಹೊತ್ತು ಎರಡನೆಯ ದಿನದ ನಸುಕು. ತಲೆನೋವು ಇಳಿಯದವರು, ರಾತ್ರಿಯಿಡೀ ಕೆಮ್ಮಿದವರು ಅಲ್ಲಿಂದ ಮೇಲೇರಬಾರದು. ಅಸ್ವಸ್ಥರನ್ನು ಒಂಟಿಯಾಗಿ ಕಳಿಸಬಾರದು, ಜೊತೆಗೆ ಯಾರು ಇಳಿಯುತ್ತಾರೆ ಎಂಬುದೂ ಮೊದಲೇ ಗೊತ್ತಿರಬೇಕು. ತೆಳುಗಾಳಿಯಲ್ಲಿ ವಿವೇಕ ಮಂಕಾಗುತ್ತದೆ, ಖರ್ಚು ಮಾಡಿದ ಹಣವೂ ಹರಕೆಯೂ ಮುಂದಕ್ಕೆ ತಳ್ಳುತ್ತವೆ. ಬಯಲಿನಲ್ಲಿ ಸಮಾಧಾನದಿಂದ ಮಾಡಿದ ನಿಯಮವೇ ಆಗ ಕಾಯುತ್ತದೆ. 1981ರಿಂದ ಭಾರತ ಸರ್ಕಾರ ನಡೆಸುತ್ತಿರುವ ಯಾತ್ರೆಯಲ್ಲಿ ಈ ತೀರ್ಮಾನದ ಒಂದು ಪಾಲನ್ನು ವೈದ್ಯರಿಗೆ ಒಪ್ಪಿಸಲಾಗಿದೆ. ಲಿಪುಲೇಖ್ ಕಣಿವೆಮಾರ್ಗದ ಮೂಲಕ ಹೋಗುವವರಿಗೆ ದೆಹಲಿಯಲ್ಲಿ ಒಮ್ಮೆ, ಗಡಿಗೆ ಮುಂಚಿನ ಗುಂಜಿಯಲ್ಲಿ ಇನ್ನೊಮ್ಮೆ ತಪಾಸಣೆ ನಡೆಯುತ್ತದೆ; ತೇರ್ಗಡೆಯಾಗದವರು ಗಡಿ ದಾಟದೆಯೇ ಮರಳುತ್ತಾರೆ.

ಮೀಮಾಂಸಕರ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ದೊರೆಯುತ್ತದೆ. ಕರ್ಮದ ಸ್ವರೂಪವನ್ನು ನಿರ್ಣಯಿಸುವುದು ಸಂಕಲ್ಪ. ಏನೇ ಆದರೂ ಸುತ್ತು ಮುಗಿಸುತ್ತೇನೆ ಎಂದು ಸಂಕಲ್ಪಿಸಿದವನಿಗೆ ದಿರಾಪುಕ್‌ನಿಂದ ಮರಳುವುದು ಭಂಗ. ದೇಹ ಒಪ್ಪಿದಷ್ಟು ದೂರ ಪ್ರದಕ್ಷಿಣೆ ಬರುತ್ತೇನೆ ಎಂದವನಿಗೆ ಅದೇ ಮರಳುವಿಕೆ ಸಂಕಲ್ಪದ ಪೂರ್ತಿ. ಎರಡನೆಯವನು ಕಾಮ್ಯವನ್ನು ನಿತ್ಯದ ನಿಯಮಕ್ಕೆ ಒಳಪಡಿಸಿದ್ದಾನೆ. ನಡಿಗೆಯ ಯೋಜನೆ, ಹಾಗೆ ನೋಡಿದರೆ, ಯಾತ್ರೆಗೆ ಮುಂಚಿನ ಲೌಕಿಕ ಸಿದ್ಧತೆಯಷ್ಟೇ ಆಗಿ ಉಳಿಯುವುದಿಲ್ಲ. ಸಂಕಲ್ಪವನ್ನು ಸರಿಯಾಗಿ ರೂಪಿಸುವ ಕೆಲಸ ನಡೆಯುವುದು ಅಲ್ಲಿಯೇ. ಹೊಸಬರು ಹೊರಡುವ ಮುನ್ನ ತಮ್ಮ ಸಂಕಲ್ಪದೊಳಗೆ ಹಿಂದಿರುಗುವ ಷರತ್ತನ್ನೂ ಸೇರಿಸಿಕೊಂಡರೆ ಅರ್ಧಕ್ಕೆ ನಿಂತ ಪರಿಕ್ರಮ ವ್ಯರ್ಥವಾಗುವುದಿಲ್ಲ.