ಹೊಣೆ ಹೊರಲಾರದ ಓದುಗ

ಅಂಗಡಿಯಿಂದ ಅಕ್ಕಿ ತರುವಂತೆ ಚೀಟಿ ಬರೆದು ಕೊಡುವವರು ಯಾರೂ, ಅಂಗಡಿ ಮುಚ್ಚಿದ್ದರೆ ಬಾಗಿಲು ಒಡೆಯಬೇಡ ಎಂದು ಅದರಲ್ಲಿ ಸೇರಿಸುವುದಿಲ್ಲ. ಚೀಟಿಯಲ್ಲಿ ಇಲ್ಲದ್ದನ್ನು ಓದುವವನ ವಿವೇಕ ತುಂಬಿಕೊಳ್ಳುತ್ತದೆ ಎಂಬ ನಂಬಿಕೆಯಿಂದಲೇ ಲೋಕದ ಎಲ್ಲ ಸೂಚನೆಗಳೂ ಬರೆಯಲ್ಪಟ್ಟಿವೆ. ಈ ನಂಬಿಕೆ ಸಲ್ಲದ ಕಡೆ ಬರೆಯುವವನ ಹೊಣೆ ಎಷ್ಟು? ಹಳೆಯದಾದ ಈ ನೀತಿಪ್ರಶ್ನೆ ಈಗ ಕಂಪ್ಯೂಟರ್ ಲೋಕದ ಒಂದು ಸಣ್ಣ ಮೂಲೆಯಲ್ಲಿ, ಅದೂ ಮಕ್ಕಳ ಆಟದ ಸಂಬಂಧವಾಗಿ, ಹೊಸದಾಗಿ ಎದ್ದಿದೆ.

ಕಂಪ್ಯೂಟರಿನ ದೊಡ್ಡ ಆಟಗಳು ಕೂತಲ್ಲಿಗೆ ಮುಗಿಯುವಂಥವಲ್ಲ. ಐವತ್ತು, ನೂರು ಗಂಟೆ ಆಡುವವರಿದ್ದಾರೆ. ಹಾಗಾಗಿ ಆಟವನ್ನು ನಿಲ್ಲಿಸಿದಲ್ಲಿಂದಲೇ ಮರುದಿನ ಮುಂದುವರಿಸಲು ಅದರ ಸ್ಥಿತಿಯನ್ನು ಉಳಿಸಿಡಬೇಕಾಗುತ್ತದೆ. 1987ರಲ್ಲಿ ಅಮೆರಿಕದಲ್ಲಿ ಮಾರಾಟವಾದ ನಿಂಟೆಂಡೊ ಕಂಪೆನಿಯ ‘ದ ಲೆಜೆಂಡ್ ಆಫ್ ಜೆಲ್ಡಾ’ ಆಟದ ಪೆಟ್ಟಿಗೆಯೊಳಗೆ ಇದಕ್ಕೆಂದೇ ಒಂದು ಸಣ್ಣ ಬ್ಯಾಟರಿ ಇತ್ತು. ಇಂದು ಉಳಿಸಿದ ಆಟವೆಂದರೆ ಒಂದಷ್ಟು ಕಡತಗಳು. ಒಂದು ಆಟ ಅವನ್ನು ಎಲ್ಲರಿಗೂ ಕಾಣುವ ಫೋಲ್ಡರಿನಲ್ಲಿ ಇಟ್ಟರೆ ಇನ್ನೊಂದು ಕಣ್ಣಿಗೆ ಬೀಳದ ಮೂಲೆಯಲ್ಲಿ ಇಡುತ್ತದೆ. ಇವನ್ನೆಲ್ಲ ಹುಡುಕಿ ನಕಲು ತೆಗೆದಿಡುವ ‘ಲುಡುಸಾವಿ’ ಎಂಬ ಉಚಿತ ತಂತ್ರಾಂಶವಿದೆ. ಹತ್ತು ಸಾವಿರಕ್ಕೂ ಹೆಚ್ಚು ಆಟಗಳ ಕಡತಗಳು ಎಲ್ಲಿರುತ್ತವೆ ಎಂಬುದು ಅದಕ್ಕೆ ಗೊತ್ತು. ‘ಪಿಸಿ ಗೇಮಿಂಗ್ ವಿಕಿ’ ಎಂಬಲ್ಲಿ ಆಸಕ್ತರು ಸೇರಿಸಿಟ್ಟ ಮಾಹಿತಿಯೇ ಅದಕ್ಕೆ ಆಧಾರ.

ನಕಲು ತೆಗೆಯುವುದರಲ್ಲಿ ಅಪಾಯ ಕಡಿಮೆ. ಅಪಾಯವಿರುವುದು ಅದನ್ನು ಮರಳಿ ಇಡುವಲ್ಲಿ. ತಿಂಗಳ ಹಿಂದಿನ ಪ್ರತಿ ಇಂದಿನ ಪ್ರತಿಯ ಮೇಲೆ ಕುಳಿತರೆ ನಡುವಿನ ಒಂದು ತಿಂಗಳು ಅಳಿಸಿಹೋಗುತ್ತದೆ. ಕಾಪಾಡುವ ಕೈಯೇ ಕಳೆಯುವ ಕೈಯೂ ಆಗಬಲ್ಲದು. ಆದುದರಿಂದ ಈ ತಂತ್ರಾಂಶ ಕೆಲಸಕ್ಕೆ ಇಳಿಯುವ ಮುನ್ನ ಒಪ್ಪಿಗೆ ಕೇಳುತ್ತದೆ. ಏನು ಮಾಡಲಿದ್ದೇನೆ ಎಂಬುದನ್ನು ಮಾಡದೆಯೇ ತೋರಿಸುವ ‘ಪ್ರಿವ್ಯೂ’ ಸೌಲಭ್ಯವೂ ಇದೆ. ಜತೆಗೆ, ಒಪ್ಪಿಗೆ ಕೇಳದೆ ಕೆಲಸ ಮುಗಿಸುವ ‘ಫೋರ್ಸ್’ ಎಂಬ ಆಯ್ಕೆಯೂ ಇದೆ.

ಇಲ್ಲಿಗೆ ಹೊಸ ಓದುಗನ ಪ್ರವೇಶವಾಗುತ್ತದೆ. ಯಜಮಾನ ಹೇಳಿದ ಕೆಲಸವನ್ನು ತಾನೇ ಹಂತಹಂತವಾಗಿ ಮಾಡುವ ಕೃತಕ ಬುದ್ಧಿಮತ್ತೆಯ ಏಜೆಂಟುಗಳು ಬಂದಿವೆ. 2025ರಿಂದ ಈಚೆಗೆ ಅನೇಕ ತಂತ್ರಾಂಶಗಳ ಜತೆ ಈ ಏಜೆಂಟುಗಳು ಓದಲೆಂದೇ ಪ್ರತ್ಯೇಕ ಸೂಚನಾ ಕಡತ ಬರೆದಿಡುವ ರೂಢಿ ಬೆಳೆದಿದೆ. ಆಟ ಉಳಿಸುವ ಇಂಥ ತಂತ್ರಾಂಶಕ್ಕೆ ಒಬ್ಬರು ಆ ಕಡತ ಬರೆಯುತ್ತಿದ್ದಾರೆ ಎಂದುಕೊಳ್ಳೋಣ. ಮನುಷ್ಯನಿಲ್ಲದ ಹೊತ್ತಿನಲ್ಲಿ ಒಪ್ಪಿಗೆಯ ಪ್ರಶ್ನೆಗೆ ಉತ್ತರಿಸುವವರಿಲ್ಲ, ಕೆಲಸ ಅಲ್ಲೇ ನಿಲ್ಲುತ್ತದೆ. ಆಗ ‘ಫೋರ್ಸ್ ಬಳಸು’ ಎಂದು ಬರೆಯುವುದು ತಾಂತ್ರಿಕವಾಗಿ ಸರಿಯೇ. ಆದರೆ ಆ ಒಂದು ಸಾಲಿನಿಂದ ಬರೆದವರು ಇನ್ನೊಬ್ಬರ ಒಪ್ಪಿಗೆಯನ್ನು ತಾವೇ ಕೊಟ್ಟುಬಿಟ್ಟಂತಾಯಿತು.

ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನನಗೆ ಇದು ಅಪರಿಚಿತ ಸಂಗತಿಯಲ್ಲ. ನಮ್ಮಲ್ಲಿ ಒಬ್ಬರು ಹಾಕಿದ ನಮೂದನ್ನು ಇನ್ನೊಬ್ಬರು ಪಾಸ್ ಮಾಡಬೇಕು. ಅಂಕಿಯಲ್ಲಿ ಒಂದು, ಅಕ್ಷರದಲ್ಲಿ ಇನ್ನೊಂದು ಮೊತ್ತವಿರುವ ಚೆಕ್ಕು ಬಂದರೆ ಊಹೆಯ ಮೇಲೆ ಹಣ ಕೊಡುವುದಿಲ್ಲ. ನಿಧಾನವೆಂದು ಗ್ರಾಹಕರು ಬೈಯುತ್ತಾರೆ. ಆದರೆ ಆ ನಿಧಾನದಲ್ಲಿಯೇ ಅವರ ದುಡ್ಡಿನ ರಕ್ಷಣೆಯಿದೆ.

ಆಟವೊಂದು ಅಳಿಸಿದರೆ ಲೋಕ ಮುಳುಗುತ್ತದೆಯೇ ಎಂದು ಕೇಳಬಹುದು. ಮುಳುಗದು. ಆದರೆ ಇನ್ನೊಬ್ಬನ ನೂರು ಗಂಟೆಯ ಬೆಲೆಯನ್ನು ನಿರ್ಧರಿಸಲು ನಾವು ಯಾರು? ಆಟದ ಕಡತವನ್ನು ಒಪ್ಪಿಸಿದ ಏಜೆಂಟಿಗೇ ನಾಳೆ ಮನೆಯ ಫೋಟೊಗಳನ್ನೂ ಲೆಕ್ಕದ ಪುಸ್ತಕವನ್ನೂ ಒಪ್ಪಿಸುತ್ತೇವೆ. ಎಲ್ಲ ಸಂದರ್ಭಗಳನ್ನೂ ಬರೆದಿಡಲು ಸಾಧ್ಯವೇ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಸಾಧ್ಯವಿಲ್ಲ, ನಿಜ. ಆದರೆ ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು ಎಂಬುದನ್ನು ಬರೆಯಬಹುದು. ಮೊದಲು ಪ್ರಿವ್ಯೂ ಮಾಡು, ಕಂಡದ್ದನ್ನು ಯಜಮಾನನಿಗೆ ತೋರಿಸು, ಇಂದಿನ ಪ್ರತಿಯ ನಕಲು ತೆಗೆ, ಅವನು ಒಪ್ಪಿದರೆ ಮಾತ್ರ ಹಳೆಯದನ್ನು ಮರಳಿ ಇಡು. ಈ ನಾಲ್ಕು ಮಾತು ನೂರು ನಿಯಮಗಳಿಗಿಂತ ಮೇಲು.

‘ಆಳು ಮಾಡಿದ್ದು ಹಾಳು’ ಎಂಬ ಗಾದೆ ನಮ್ಮಲ್ಲಿದೆ. ತಪ್ಪನ್ನು ಆಳಿನ ತಲೆಗೆ ಕಟ್ಟಲು ಅದು ಅನುಕೂಲ. ಆಳಿಗಾದರೂ ನಾಚಿಕೆಯಿದೆ, ಪಶ್ಚಾತ್ತಾಪವಿದೆ, ಕೂಲಿ ಕಳೆದುಕೊಳ್ಳುವ ಭಯವಿದೆ. ಏಜೆಂಟು ಬಹಳಷ್ಟು ಸಲ ಸರಿಯಾಗಿಯೇ ಊಹಿಸೀತು, ಆದರೆ ಹೊಣೆ ಹೊರುವ ಹೆಗಲು ಅದಕ್ಕಿಲ್ಲ. ಹಾಗಾಗಿ ಆ ಭಾರ ಬರೆದವರಿಗೆ ಮತ್ತು ಅದನ್ನು ಕೆಲಸಕ್ಕೆ ಹಚ್ಚಿದವರಿಗೆ ಸೇರಿದ್ದು.

ಇದರಲ್ಲಿ ಮನಸ್ಸಿಗೆ ನಾಟುವ ಸಂಗತಿ ಇನ್ನೊಂದಿದೆ. ಯಂತ್ರಕ್ಕೆ ಅರ್ಥವಾಗಲೆಂದು ಇಷ್ಟು ಬಿಡಿಸಿ ಬರೆಯುವ ನಾವು, ಮನುಷ್ಯರಿಗಾಗಿ ಎಂದಾದರೂ ಹೀಗೆ ಬರೆದಿದ್ದೇವೆಯೇ? 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಕಾಸರಗೋಡಿನ ಕನ್ನಡಿಗರಿಗೆ, ಓದಲಾರದ ಭಾಷೆಯ ಅರ್ಜಿ ನಮೂನೆ ಕೈಗೆ ಬಂದಾಗ ಆಗುವ ಕಷ್ಟ ಏನೆಂದು ಗೊತ್ತು. ಬರೆದವರಿಗೆ ದ್ವೇಷವಿರಬೇಕೆಂದಿಲ್ಲ, ಇಂಥ ಓದುಗನೂ ಇದ್ದಾನೆಂಬ ಎಣಿಕೆ ಇಲ್ಲದಿದ್ದರೆ ಸಾಕು. ಓದುಗ ನನ್ನಂತಲ್ಲ ಎಂದು ಯಂತ್ರದ ವಿಷಯದಲ್ಲಿ ಒಪ್ಪಿಕೊಂಡವರಿಗೆ, ನೆರೆಮನೆಯ ಮನುಷ್ಯನ ವಿಷಯದಲ್ಲಿ ಅದನ್ನು ಒಪ್ಪುವುದು ಕಷ್ಟವಾಗಬಾರದು. ಕನ್ನಡಿಗರಾದ ನಾವು ಬರೆಯುವ ಸೂಚನೆಗಳಿಗೂ ಈ ಮಾತು ಸಲ್ಲುತ್ತದೆ.