ಸಾಕು ಎನ್ನುವ ಕಡ್ಡಿ

2024ರ ಮಾರ್ಚ್. ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಅದೇ ತಿಂಗಳು ನಮ್ಮ ಹೊಸ ಫ್ರಿಜ್ಜಿನ ಐಸ್ ಮೇಕರ್‌ಗೆ ನೀರಿನ ಲೈನ್ ಕೊಡಿಸಿದೆ. ಸಿಂಕಿನ ಕೆಳಗಿನ ಪೈಪಿಗೆ ಒಂದು ವಾಲ್ವ್, ಅಲ್ಲಿಂದ ಫ್ರಿಜ್ಜಿಗೆ ಕಾಲಿಂಚಿನ ಕೊಳವೆ, ನಡುವೆ ಫಿಲ್ಟರ್. ‘ಮೊದಲ ದಿನದ ಐಸ್ ಚೆಲ್ಲಿಬಿಡಿ ಮೇಡಂ, ಹೊಸ ಪೈಪಿನ ವಾಸನೆ ಇರುತ್ತೆ’ ಎಂದು ಹೇಳಿ ಪ್ಲಂಬರ್ ಹೋದರು.

ಮರುದಿನ ಆ ಐಸನ್ನು ಸಿಂಕಿಗೆ ಸುರಿಯುತ್ತಿದ್ದೆ. ಮನೆಗೆಲಸಕ್ಕೆ ಬರುವಾಕೆ ಬಕೆಟ್ ಹಿಡಿದರು. ‘ಇದಕ್ಕೆ ಹಾಕಿ ಅಕ್ಕ, ನೆಲ ಒರ್ಸಕ್ಕಾಗುತ್ತೆ.’ ಅವರ ಬೀದಿಗೆ ಟ್ಯಾಂಕರ್ ಬಂದು ಮೂರು ದಿನವಾಗಿತ್ತು.

ನಾಚಿಕೆಯಾಯಿತು. ಆದರೆ ನಾಚಿಕೆಯೇ ಉತ್ತರವಲ್ಲವಲ್ಲ. ಒಂದು ಸಲದ ಐಸಿಗೆ ಬೇಕಾಗುವುದು ಒಂದು ಲೋಟದಷ್ಟು ನೀರು. ನಾನು ವಾಲ್ವ್ ಮುಚ್ಚಿದರೆ ಅವರ ಬಿಂದಿಗೆ ತುಂಬುವುದಿಲ್ಲ. ಹಾಗಾದರೆ ತಪ್ಪೆಲ್ಲಿದೆ?

ಮರೆವಿನಲ್ಲಿದೆ ಎನಿಸುತ್ತದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, 500 ಮೀಟರಿನಷ್ಟು ಎತ್ತರ ಏರಿ ನಮ್ಮೂರಿಗೆ ಬರುತ್ತದೆ. ಟ್ರೇಯನ್ನು ಕೈಯಾರೆ ತುಂಬಿಸುತ್ತಿದ್ದಾಗ, ನಲ್ಲಿಯ ಧಾರೆ ಸಣ್ಣಗಾದರೆ ತಿಳಿಯುತ್ತಿತ್ತು. ಆ ಸಣ್ಣ ಕೆಲಸದಲ್ಲೇ ಊರಿನ ಕಷ್ಟ ನನ್ನನ್ನು ಮುಟ್ಟುತ್ತಿತ್ತು.

ಈಗ ಯಂತ್ರ ತಾನೇ ತುಂಬಿಕೊಳ್ಳುತ್ತದೆ. ಅದರೊಳಗೊಂದು ಕಡ್ಡಿಯಿದೆ. ಡಬ್ಬಿ ತುಂಬಿದರೆ ಐಸಿನ ರಾಶಿಗೆ ತಾಗಿ ಕಡ್ಡಿ ಮೇಲೆಯೇ ನಿಲ್ಲುತ್ತದೆ, ಐಸ್ ತಯಾರಿಯೂ ನಿಲ್ಲುತ್ತದೆ. ಯಂತ್ರಕ್ಕೆ ‘ಸಾಕು’ ಎನ್ನಲು ಯಾರೋ ಕಲಿಸಿದ್ದಾರೆ. ನನಗೆ ಅದನ್ನು ಕಲಿಸುತ್ತಿದ್ದುದು ಆ ನಲ್ಲಿ. ದುಡ್ಡು ಕೊಟ್ಟು ಅದರ ಪಾಠ ತಪ್ಪಿಸಿಕೊಂಡೆ.

ವಾಲ್ವ್ ಇನ್ನೂ ತೆರೆದೇ ಇದೆ. ಅದನ್ನು ಮುಚ್ಚಿ ಒಳ್ಳೆಯವಳೆನಿಸಿಕೊಳ್ಳುವುದು ಸುಲಭ. ತೆರೆದಿಟ್ಟುಕೊಂಡೂ ಆ ಬಕೆಟ್ಟನ್ನು ನೆನಪಿಟ್ಟುಕೊಳ್ಳಬಲ್ಲೆನೇ? ಗೊತ್ತಿಲ್ಲ.